ಕೋಚ್ ಎಲ್ಲಿಗೆ ಹೊಂಟಾನ?

2025ರ ಜುಲೈನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿಗೆ ಬಂದ ಇಮೇಲುಗಳಲ್ಲಿ ಎರಡರ ಕೆಳಗೆ ಭಾರೀ ಹೆಸರುಗಳಿದ್ದವು. ಒಂದು ಚಾವಿ ಹೆರ್ನಾಂಡೆಸ್, ಇನ್ನೊಂದು ಪೆಪ್ ಗ್ವಾರ್ಡಿಯೋಲಾ. ಮನೋಲೊ ಮಾರ್ಕೆಸ್ ಬಿಟ್ಟುಹೋದ ಭಾರತ ತಂಡದ ಕೋಚ್ ಕೆಲಸಕ್ಕೆ ಸುಮಾರು 170 ಅರ್ಜಿ ಬಂದಿದ್ದವು, ಆ ರಾಶಿಯೊಳಗೆ ಇವೂ ಸೇರಿಕೊಂಡಿದ್ದವು. ಬಾರ್ಸಿಲೋನಾದ ಚಾವಿ ನಮ್ಮ ತಂಡಕ್ಕೆ ಬರಲು ಕೇಳಿದ್ದಾರೆ, ಅಷ್ಟು ಸಂಬಳ ಕೊಡುವ ತಾಕತ್ತು ನಮಗಿಲ್ಲ ಅಂತ ಕೈಬಿಡಲಾಗಿದೆ ಎಂಬ ಸುದ್ದಿ ಹೊರಬಿತ್ತು. ಒಂದೆರಡು ದಿನ ದೇಶವಿದೇಶದ ಪತ್ರಿಕೆಗಳು ಅದನ್ನೇ ಬರೆದವು. ಜುಲೈ 26ರಂದು ಫೆಡರೇಶನ್ ಹೇಳಿತು: ಆ ಇಮೇಲುಗಳು ಅಸಲಿ ಅಲ್ಲ. ಕಳಿಸಿದವನು ನಾನೇ ಅಂತ ಹತ್ತೊಂಬತ್ತರ ಹುಡುಗನೊಬ್ಬ ಆಮೇಲೆ ಹೇಳಿಕೊಂಡ ಸುದ್ದಿಯೂ ಬಂತು.

ಆ ಒಂದೆರಡು ದಿನ ವಿಜಯಪುರದಲ್ಲಿ ನಾನು ಕೂಡುವ ಚಹಾದಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ನಮ್ಮ ಕಡೆ ಚಾವಿ ಅಂದರೆ ಕೀಲಿ ತೆಗೆಯುವುದು. ಹೆಸರಿಗೆ ತಕ್ಕಂತೆ ಎಲ್ಲ ಬಾಗಿಲೂ ತೆಗೀತಾನ ಅಂತ ಒಬ್ಬ, ಬಾಗಿಲಾ ಇದ್ರ ತಗೀಬೇಕಲ್ಲೋ ಅಂತ ಇನ್ನೊಬ್ಬ. ಮಿಡ್‌ಫೀಲ್ಡಿನಲ್ಲಿ ಯಾರನ್ನು ಇಡುತ್ತಾರೆ, ಯಾರನ್ನು ಮನೆಗೆ ಕಳಿಸುತ್ತಾರೆ ಎಂಬುದರ ಮೇಲೆ ಎರಡು ಸುತ್ತು ಚಹಾ ಮುಗಿಯಿತು. ಸುದ್ದಿ ಸುಳ್ಳು ಅಂತಾದ ದಿನ ಆ ಹುಡುಗರಿಗೆ ಏನೂ ಅನ್ನಿಸಲಿಲ್ಲ. ಮೋಸಹೋದವರ ಮುಖ ಅದಲ್ಲ. ಅವರು ಆಗಲೇ ಮುಂದಿನ ಹೆಸರಿಗೆ ಹೋಗಿದ್ದರು.

ಇದೇ ನನಗೆ ಸೋಜಿಗ. ಫುಟ್‌ಬಾಲ್ ಕೋಚ್ ಮುಂದೆ ಯಾವ ಕ್ಲಬ್ಬಿಗೆ ಹೋಗುತ್ತಾನೆ ಎಂಬ ಊಹಾಪೋಹ ಇವತ್ತು ಆಟದ ಪಕ್ಕದ ಹರಟೆಯಾಗಿ ಉಳಿದಿಲ್ಲ. ಅದಕ್ಕೆ ಅದರದೇ ಬರಹಗಾರರು, ಅದರದೇ ಓದುಗರು, ಅದರದೇ ಹಂಗಾಮು ಇದ್ದಾವೆ. ಇಂಗ್ಲೆಂಡಿನಲ್ಲಿ ಅದರ ಮೇಲೆ ಬಾಜಿ ಕಟ್ಟುವ ಅಂಗಡಿಗಳೂ ಇವೆ. ಅಲ್ಲಿ ಕೋಚನ್ನು ಮ್ಯಾನೇಜರ್ ಅನ್ನುತ್ತಾರೆ. (ವಿಜಯಪುರದಲ್ಲಿ ಮ್ಯಾನೇಜರ್ ಅಂದರೆ ಬ್ಯಾಂಕಿನವರು, ಅವರಿಗೂ ಮೂರು ವರ್ಷಕ್ಕೊಮ್ಮೆ ವರ್ಗ, ಅವರ ಬಗ್ಗೆಯೂ ಸುದ್ದಿ ಹಾರಾಡುತ್ತದೆ, ಸಾಲ ಬಾಕಿ ಇದ್ದವರೇ ಹೆಚ್ಚು ಹಾರಿಸುತ್ತಾರೆ.) ಆಟ ತೊಂಬತ್ತು ನಿಮಿಷಕ್ಕೆ ಮುಗಿದರೆ ಈ ಮಾತಿಗೆ ಮುಗಿಯುವ ಹೊತ್ತು ಅಂತ ಒಂದಿಲ್ಲ. ಇಷ್ಟು ಬೆಳೆದದ್ದನ್ನು ಒಂದು ಬರವಣಿಗೆಯ ಪ್ರಕಾರ ಅಂತ ತಿಳಿದು, ಅದು ತನ್ನ ಕೆಲಸವನ್ನು ಹೇಗೆ ಮಾಡುತ್ತಿದೆ ಅಂತ ನೋಡಬಾರದೇಕೆ?

ಮೊದಲು ಅದರ ಭಾಷೆ. ಕನ್ನಡಕ್ಕೆ ಈ ವಿಷಯದಲ್ಲಿ ಒಂದು ವರ ಇದೆ. ನಾನು ಕಣ್ಣಾರೆ ಕಂಡದ್ದಕ್ಕೆ ‘ಬಂದ’ ಅನ್ನುತ್ತೇನೆ, ಕೇಳಿದ್ದಕ್ಕೆ ‘ಬಂದನಂತೆ’ ಅನ್ನುತ್ತೇನೆ. ನಮ್ಮ ಕಡೆ ಅದೇ ‘ಬಂದಾನಂತ’ ಆಗುತ್ತದೆ. ಒಂದೇ ಒಂದು ತುಂಡು, ಹೇಳುವವನ ಜವಾಬ್ದಾರಿ ಎಲ್ಲಿಗೆ ಮುಗಿಯಿತು ಅಂತ ಗೆರೆ ಎಳೆದುಬಿಡುತ್ತದೆ. ಕೇಳುವವನಿಗೂ ಗೊತ್ತಾಗುತ್ತದೆ, ಇದು ಇವನ ಗಂಟಲ್ಲ, ಹೊತ್ತು ತಂದದ್ದು. ಅಂತೆ ಕಂತೆ ಅಂತ ನಗಾಡುತ್ತೇವಾದರೂ ಅದರಷ್ಟು ಪ್ರಾಮಾಣಿಕ ವ್ಯಾಕರಣ ಇನ್ನೊಂದಿಲ್ಲ. ಪತ್ರಿಕೆಗೆ, ಟಿವಿಗೆ ಬಂದ ಕೂಡಲೇ ಈ ‘ಅಂತೆ’ ಅಂಗಿ ಬದಲಿಸಿ ‘ಎನ್ನಲಾಗಿದೆ’ ಆಗುತ್ತದೆ. ಯಾರು ಅಂದರು? ಗೊತ್ತಿಲ್ಲ. ‘ಸಾಧ್ಯತೆ ತಳ್ಳಿಹಾಕುವಂತಿಲ್ಲ’: ಯಾರು ತಳ್ಳಿಹಾಕಲು ಹೋಗಿದ್ದರು? ‘ಆಪ್ತ ಮೂಲಗಳು’, ‘ಮಾತುಕತೆ ಅಂತಿಮ ಹಂತದಲ್ಲಿ’. ಚಹಾದಂಗಡಿಯ ಹುಡುಗ ‘ಅಂತ’ ಎಂದು ಸೇರಿಸಿ ತನ್ನ ಅಜ್ಞಾನವನ್ನು ಒಪ್ಪಿಕೊಂಡಿರುತ್ತಾನೆ. ಅದೇ ಅಜ್ಞಾನ ಅಚ್ಚಿನ ಕನ್ನಡದಲ್ಲಿ ಟೈ ಕಟ್ಟಿಕೊಂಡು ನಿಂತಿರುತ್ತದೆ. ಈ ಪ್ರಕಾರದ ಮೊದಲ ದೋಷ ಇದೇ, ಮತ್ತು ಬಹುಶಃ ದೊಡ್ಡದೂ ಇದೇ.

ಗೋಳಗುಮ್ಮಟದ ಊರಿನವನಾಗಿ ಆ ಹೋಲಿಕೆಯನ್ನು ಬಿಟ್ಟು ಬರೆಯಬೇಕು ಅಂತ ಪ್ರತಿಸಲ ಅಂದುಕೊಳ್ಳುತ್ತೇನೆ. ಇಲ್ಲಿ ಮಾತ್ರ ಆಗುವುದಿಲ್ಲ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಬ್ಬ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದೆ. ಕಣ್ಣು ಮುಚ್ಚಿ ನಿಂತವನು ಏಳು ಜನ ಕೂಗಿದರು ಅಂತ ಆಣೆ ಮಾಡಿ ಹೇಳಬಹುದು. ಚಾವಿ ಸುದ್ದಿಯಲ್ಲಿ ಆದದ್ದೂ ಅದೇ. ಒಂದು ಪತ್ರಿಕೆ ಬರೆಯಿತು, ಸ್ಪೇನಿನದು ಅದನ್ನು ನೋಡಿ ಬರೆಯಿತು, ಸ್ಪೇನಿನಲ್ಲೇ ಬಂದಿದೆಯಲ್ಲ ಅಂತ ನಮ್ಮವು ಮತ್ತೆ ಬರೆದವು.

ಈ ಆಟಕ್ಕೆ ವಿಜಯಪುರದವರು ಹೊಸಬರಲ್ಲ. ಇಲ್ಲಿ ಫುಟ್‌ಬಾಲ್ ಆಡುವವರು ಕಡಿಮೆ. ನಮ್ಮದು ಸೈಕಲ್ಲಿನವರ, ಕಬಡ್ಡಿಯವರ ಜಿಲ್ಲೆ. ಹುಡುಗರು ಸಾಲಾಗಿ ಫುಟ್‌ಬಾಲ್ ಆಡುವುದನ್ನು ನೋಡಬೇಕೆಂದರೆ ಸೈನಿಕ ಶಾಲೆಯ ಮೈದಾನದ ಕಡೆ ಹೋಗಬೇಕು. ಆದರೆ ‘ಮುಂದೆ ಎಲ್ಲಿಗೆ’ ಎಂಬ ಪ್ರಶ್ನೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ, ಏಕೆಂದರೆ ನಮ್ಮ ರಾಜಕಾರಣ ಅದರಲ್ಲೇ ನಮ್ಮನ್ನು ಪಳಗಿಸಿದೆ. ನಗರದ ಶಾಸಕ ಬಸನಗೌಡ ಪಾಟೀಲ ಯತ್ನಾಳರ ದಾರಿಯನ್ನೇ ನೋಡಿ: ಬಿಜೆಪಿಯಿಂದ ಸಂಸದರು, ಕೇಂದ್ರದಲ್ಲಿ ರಾಜ್ಯ ಸಚಿವರು, 2010ರಲ್ಲಿ ಜೆಡಿಎಸ್, ಮರಳಿ ಬಿಜೆಪಿ, 2015ರಲ್ಲಿ ಪಕ್ಷೇತರರಾಗಿ ವಿಧಾನ ಪರಿಷತ್ತಿಗೆ, 2018ರ ಚುನಾವಣೆಗೆ ಮುನ್ನ ಮತ್ತೆ ಬಿಜೆಪಿ, 2025ರ ಮಾರ್ಚ್ 26ರಂದು ಅದೇ ಪಕ್ಷದಿಂದ 6 ವರ್ಷ ಉಚ್ಚಾಟನೆ. ಆ ದಿನ ಸಂಜೆಯಿಂದಲೇ ‘ಮುಂದಿನ ಪಕ್ಷ ಯಾವುದು’ ಶುರುವಾಯಿತು. ಸ್ವಂತ ಪಕ್ಷವಂತೆ, ಹಳೆಯ ಪಕ್ಷವಂತೆ, ವಾಪಸಂತೆ. ಕೋಚ್ ವದಂತಿಯ ಪಕ್ಕದಲ್ಲಿಟ್ಟರೆ ಹೆಸರು ಬಿಟ್ಟು ಬೇರೇನೂ ಬದಲಾಗುವುದಿಲ್ಲ.

ತಿಕೋಟಾ ಕಥೆ ಇದಕ್ಕೂ ಮಜಾ. ಅಲ್ಲಿ ಆಟಗಾರ ಕ್ಲಬ್ ಬಿಡಲಿಲ್ಲ, ಕ್ಲಬ್ಬೇ ಎದ್ದು ಹೋಯಿತು. ನಮ್ಮ ಜಿಲ್ಲೆಯ ಇನ್ನೊಬ್ಬ ಶಾಸಕ ಎಂ.ಬಿ. ಪಾಟೀಲರು 2004ರಲ್ಲಿ ಗೆದ್ದದ್ದು ತಿಕೋಟಾ ಕ್ಷೇತ್ರದಿಂದ. ಕ್ಷೇತ್ರ ಮರುವಿಂಗಡಣೆಯಾಗಿ 2008ಕ್ಕೆ ತಿಕೋಟಾ ಎಂಬ ಕ್ಷೇತ್ರವೇ ಉಳಿಯಲಿಲ್ಲ, ಬಬಲೇಶ್ವರ ಬಂತು. ಅಲ್ಲಿಂದ 2008, 2013, 2018, 2023ರ ನಾಲ್ಕೂ ಚುನಾವಣೆ ಅವರದೇ. ಹೀಗೆ ಒಂದೇ ಕಡೆ ನಿಂತವರ ಬಗ್ಗೆ ‘ಮುಂದಿನ ಪಕ್ಷ’ದ ವದಂತಿ ಅಂಟುವುದಿಲ್ಲ. ಅವರಿಗೆ ‘ಮುಂದಿನ ಕುರ್ಚಿ’ಯ ವದಂತಿ. ಫುಟ್‌ಬಾಲಿನಲ್ಲೂ ಹಾಗೇ, ಒಂದೇ ಕ್ಲಬ್ಬಿನಲ್ಲಿ ಬೇರುಬಿಟ್ಟವನಿಗೆ ರಾಷ್ಟ್ರೀಯ ತಂಡದ ಗುಲ್ಲು ಕಟ್ಟುತ್ತಾರೆ. ಸುಮ್ಮನೆ ಇದ್ದಲ್ಲೇ ಇರುತ್ತಾನೆ ಎಂಬುದನ್ನು ಈ ಪ್ರಕಾರ ಸುದ್ದಿಯಾಗಿ ಬರೆಯಲಾರದು.

ಇನ್ನು ಭವಿಷ್ಯ. ಬಬಲೇಶ್ವರ ತಾಲ್ಲೂಕಿನಲ್ಲೇ ಬಬಲಾದಿ ಇದೆ, ಸದಾಶಿವ ಮುತ್ಯಾನ ಮಠ. ಅಲ್ಲಿ ಜಾತ್ರೆಯಲ್ಲಿ ಕಾಲಜ್ಞಾನ ಹೇಳುವುದನ್ನು ಕೇಳಲು ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಮಳೆ, ಬೆಳೆ, ರಾಜ್ಯದ ಗದ್ದುಗೆ ಎಲ್ಲಕ್ಕೂ ಅಲ್ಲಿ ಮಾತಿದೆ, ಮರುದಿನ ಟಿವಿಯಲ್ಲಿ ಅದರ ಅರ್ಥ ಬಿಡಿಸುವವರೂ ಇದ್ದಾರೆ. ನಾನು ಅದನ್ನು ಹಗುರವಾಗಿ ಆಡಲು ಹೊರಟಿಲ್ಲ. ಕಾಲಜ್ಞಾನಕ್ಕೂ ಕೋಚ್ ವದಂತಿಗೂ ಒಂದು ಹೊಂದಿಕೆ ಇದೆ: ಎರಡೂ ಮಾತನ್ನು ಸಡಿಲವಾಗಿ ಇಡುತ್ತವೆ, ಆದದ್ದನ್ನು ಆಮೇಲೆ ಅದರೊಳಗೆ ಕೂಡಿಸಬಹುದು. ವ್ಯತ್ಯಾಸವೂ ಒಂದಿದೆ, ಅದು ಮುತ್ಯಾನ ಪರವಾಗಿದೆ. ಬಬಲಾದಿಯಲ್ಲಿ ಹೇಳಿದ್ದನ್ನು ಜನ ನೆನಪಿಟ್ಟುಕೊಳ್ಳುತ್ತಾರೆ, ಹೋದ ವರ್ಷ ಹಿಂಗ ಹೇಳಿದ್ರು, ಹಿಂಗಾತು ಅಂತ ಲೆಕ್ಕ ಹಾಕುತ್ತಾರೆ. ಕೋಚ್ ವದಂತಿಗೆ ಲೆಕ್ಕದ ವಹಿಯೇ ಇಲ್ಲ. ಕಳೆದ ವಾರ ‘ಶೇಕಡಾ ನೂರು’ ಅಂದವನು ಈ ವಾರ ಇನ್ನೊಂದು ನೂರನ್ನು ಹಿಡಿದು ಬರುತ್ತಾನೆ.

ಲೆಕ್ಕ ಹಾಕಿದರೆ ಏನಾಗುತ್ತದೆ? ಯುರ್ಗೆನ್ ಕ್ಲಾಪ್ ಲಿವರ್‌ಪೂಲ್ ಬಿಡುತ್ತೇನೆ ಅಂತ 2024ರ ಜನವರಿ 26ರಂದು ಹೇಳಿದರು. ಅಂದಿನಿಂದ ಎರಡು ತಿಂಗಳು ಲೋಕಕ್ಕೆಲ್ಲ ಒಂದೇ ಹೆಸರು, ಶಾಬಿ ಅಲೊನ್ಸೊ. ಮಾರ್ಚ್ 29ರಂದು ಅಲೊನ್ಸೊ ನಾನು ಲೆವರ್‌ಕುಸೆನ್ನಿನಲ್ಲೇ ಇರುತ್ತೇನೆ ಅಂದರು. ಬಂದವರು ನೆದರ್ಲೆಂಡ್ಸಿನ ಫೆಯೆನೂರ್ಡ್ ಕ್ಲಬ್ಬಿನ ಆರ್ನೆ ಸ್ಲಾಟ್, ಬಂದ ಮೊದಲ ಹಂಗಾಮಿನಲ್ಲೇ ಲೀಗ್ ಗೆದ್ದರು. ಕಾರ್ಲೊ ಆಂಚೆಲೊಟ್ಟಿಯವರದು ಇದಕ್ಕಿಂತ ತಿರುವಿನ ಕಥೆ. 2024ಕ್ಕೆ ಅವರು ಬ್ರೆಜಿಲ್ ತಂಡಕ್ಕೆ ಬರುತ್ತಾರೆ ಅಂತ 2023ರಲ್ಲಿ ಬ್ರೆಜಿಲ್ ಫೆಡರೇಶನ್ನಿನ ಅಧ್ಯಕ್ಷರೇ ಹೇಳಿದರು, ಯಾವುದೋ ಆಪ್ತ ಮೂಲವಲ್ಲ. ಆ ಡಿಸೆಂಬರಿನಲ್ಲಿ ಆಂಚೆಲೊಟ್ಟಿ ರಿಯಲ್ ಮ್ಯಾಡ್ರಿಡ್ ಜೊತೆ 2026ರವರೆಗೆ ಮತ್ತೆ ಸಹಿ ಹಾಕಿದರು. ವದಂತಿ ಸತ್ತಿತು. ಬ್ರೆಜಿಲ್ ಬೇರೆಯವರನ್ನು ಇಟ್ಟುಕೊಂಡಿತು, ತೆಗೆಯಿತು. 2025ರ ಮೇ ತಿಂಗಳಲ್ಲಿ ಆಂಚೆಲೊಟ್ಟಿ ಬ್ರೆಜಿಲಿಗೆ ಬಂದರು. ಈಗ ಹೇಳಿ, ಆ ವದಂತಿ ಸುಳ್ಳೋ ಖರೆಯೋ? ಒಂದು ವರ್ಷ ತಡವಾಗಿ ಬಂದ ರೈಲನ್ನು ನೋಡಿ ವೇಳಾಪಟ್ಟಿ ಸರಿಯಿತ್ತು ಅನ್ನಲಾಗದು.

ಅದಕ್ಕೇ ಈ ಬರವಣಿಗೆಯನ್ನು ಖರೆ-ಸುಳ್ಳಿನ ತಕ್ಕಡಿಯಲ್ಲಿ ಮಾತ್ರ ತೂಗಿದರೆ ಸಾಲದು. ಅದು ಏನು ಮಾಡುತ್ತದೆ ಅಂತ ನೋಡಬೇಕು. ವದಂತಿ ಬರೀ ಹೇಳುವುದಿಲ್ಲ, ಮಾಡುತ್ತದೆ ಕೂಡ. 2018ರ ಜೂನ್ 12ರಂದು ರಿಯಲ್ ಮ್ಯಾಡ್ರಿಡ್ ತನ್ನ ಹೊಸ ಕೋಚ್ ಹುಲೆನ್ ಲೊಪೆಟೇಗಿ ಅಂತ ಸಾರಿತು. ಆಗ ಅವರು ಸ್ಪೇನ್ ತಂಡದ ಕೋಚ್ ಆಗಿ ರಷ್ಯಾದಲ್ಲಿದ್ದರು, ವಿಶ್ವಕಪ್ಪಿಗೆ ಎರಡೇ ದಿನ ಬಾಕಿ. ಮರುದಿನ ಸ್ಪೇನ್ ಅವರನ್ನು ಮನೆಗೆ ಕಳಿಸಿತು. ಅಕ್ಟೋಬರಿನಲ್ಲಿ ಬಾರ್ಸಿಲೋನಾ ಎದುರು 5-1ರಿಂದ ಸೋತ ಮೇಲೆ ಮ್ಯಾಡ್ರಿಡ್ ಕೂಡ ಕಳಿಸಿತು. ಐದು ತಿಂಗಳೊಳಗೆ ಅತ್ತೆಮನೆಯೂ ಇಲ್ಲ, ತವರೂ ಇಲ್ಲ. ಅದು ವದಂತಿಯೂ ಆಗಿರಲಿಲ್ಲ, ಖರೇ ಸುದ್ದಿ. ಖರೇ ಸುದ್ದಿಯೇ ಇಷ್ಟು ಮಾಡಿದರೆ ಗಾಳಿಸುದ್ದಿ ಆಟಗಾರರ ಕೋಣೆಯೊಳಗೆ ಏನು ಮಾಡುತ್ತದೆ? ಹೋಗುವವನ ಮಾತನ್ನು ಯಾರು ಕೇಳುತ್ತಾರೆ? ವರ್ಗದ ಆರ್ಡರ್ ಬಂದ ತಹಶೀಲ್ದಾರರ ಎದುರು ಗುಮಾಸ್ತರು ಹೇಗೆ ನಿಲ್ಲುತ್ತಾರೆ ಅಂತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾಡಿಸುವವರು ಯಾರು ಎಂಬ ಪ್ರಶ್ನೆಗೆ ನನಗೆ ತಿಕೋಟಾದ ದ್ರಾಕ್ಷಿ ಬೆಳೆಗಾರರೇ ಗುರುಗಳು. ಹಣ್ಣು ಕಟಾವಾಗಿ ಶೆಡ್ಡಿನ ರ‍್ಯಾಕುಗಳ ಮೇಲೆ ಒಣಗುತ್ತಿರುವಾಗ, ಇನ್ನೇನು ಒಣದ್ರಾಕ್ಷಿ ಪೆಟ್ಟಿಗೆಗೆ ಬೀಳಬೇಕು ಎಂಬ ಹೊತ್ತಿಗೆ, ಒಂದು ಮಾತು ಗಾಳಿಯಲ್ಲಿ ತೇಲಿ ಬರುತ್ತದೆ: ತಾಸಗಾಂವ ಪ್ಯಾಟ್ಯಾಗ ರೇಟ್ ಬಿದ್ದೈತಂತ. ಮಾತು ಯಾರ ಬಾಯಿಂದ ಹೊರಟಿತು ಅಂತ ಬೆಳೆಗಾರ ಕೇಳುವುದಿಲ್ಲ. ಮಾಲು ಯಾರಿಗೆ ಬೇಕಾಗಿದೆ ಅಂತ ನೋಡುತ್ತಾನೆ. ಸುದ್ದಿಯ ಮೂಲ ಹುಡುಕುವುದಕ್ಕಿಂತ ಸುದ್ದಿಯ ಗಿರಾಕಿಯನ್ನು ಹುಡುಕುವುದು ಸುಲಭ ಮತ್ತು ಲಾಭದ್ದು. ಕೋಚ್ ವದಂತಿಗೂ ಇದನ್ನೇ ಹಚ್ಚಿ ನೋಡಬಹುದು. ಕರಾರು ಮುಗಿಯಲು ಒಂದು ವರ್ಷ ಇರುವಾಗ ದೊಡ್ಡ ಕ್ಲಬ್ಬೊಂದು ಇವರ ಮೇಲೆ ಕಣ್ಣಿಟ್ಟಿದೆ ಅಂತ ಬಂದರೆ, ಏಜೆಂಟ್ ಈಗಿನ ಕ್ಲಬ್ಬಿನವರ ಎದುರು ಸಂಬಳದ ಮಾತಿಗೆ ಕೂತಿದ್ದಾನೆ ಅಂತ ತಿಳಿಯಬಹುದು. ಸತತ ಸೋತ ಕೋಚಿನ ಬದಲಿಗೆ ಮೂವರ ಹೆಸರು ಒಟ್ಟಿಗೆ ಬಂದರೆ ಕ್ಲಬ್ ಅಭಿಮಾನಿಗಳ ಸಿಟ್ಟು ಇಳಿಸಲು ನೋಡುತ್ತಿದೆ. ಬಾಜಿಯ ಅಂಗಡಿಗಳದು ಇನ್ನೊಂದು ಚಮತ್ಕಾರ. ಮುಂದಿನ ಕೋಚ್ ಯಾರು ಎಂಬ ಬಾಜಿಯಲ್ಲಿ ಹಣ ಹಾಕುವವರು ಕಡಿಮೆ, ಸ್ವಲ್ಪ ಹಣ ಒಂದು ಹೆಸರಿನ ಮೇಲೆ ಬಿದ್ದರೂ ದರ ಸರಿಯುತ್ತದೆ. ದರ ಸರಿದದ್ದೇ ‘ಇವರೇ ಮುಂಚೂಣಿಯಲ್ಲಿ’ ಅಂತ ಸುದ್ದಿಯಾಗುತ್ತದೆ. ಸುದ್ದಿ ನೋಡಿ ಇನ್ನಷ್ಟು ಹಣ ಬೀಳುತ್ತದೆ. ಯಾರಿಗೂ ಏನೂ ಗೊತ್ತಿಲ್ಲದೆ ಒಬ್ಬ ಮನುಷ್ಯ ಒಂದು ಊರಿಗೆ ಅರ್ಧ ದಾರಿ ಬಂದುಬಿಟ್ಟಿರುತ್ತಾನೆ.

ಇಷ್ಟೆಲ್ಲ ಬೈದ ಮೇಲೆ ನಾನೂ ಈ ಸುದ್ದಿಗಳನ್ನು ಓದುವವನೇ ಅಂತ ಒಪ್ಪಿಕೊಳ್ಳಬೇಕು. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದಾಗಿನಿಂದ ಅದರ ಕೋಚುಗಳ ಹಿಂದೆ ಬಿದ್ದಿದ್ದೇನೆ. ಕರ್ನಾಟಕದಲ್ಲಿ ಕೂತು ಈ ಪ್ರಕಾರವನ್ನು ಪರೀಕ್ಷೆ ಮಾಡಲು ಅದಕ್ಕಿಂತ ಒಳ್ಳೆಯ ಪಠ್ಯ ಸಿಗದು.

ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್. ಮ್ಯಾಂಚೆಸ್ಟರ್ ಯುನೈಟೆಡ್ಡಿನ ಹುಡುಗರ ತಂಡದಲ್ಲಿ ಬೆಳೆದು, ಕೆಳಗಿನ ಲೀಗುಗಳ ಹಲವು ಕ್ಲಬ್ಬುಗಳಲ್ಲಿ ಡಿಫೆಂಡರ್ ಆಗಿ ಆಡಿ, ಬ್ಲ್ಯಾಕ್‌ಬರ್ನಿನಲ್ಲಿ ಸಹಾಯಕ ಕೋಚ್ ಆಗಿದ್ದವರು. ಅದಕ್ಕೂ ಮುಂಚೆ ಮುಖ್ಯ ಕೋಚ್ ಆಗಿ ಹೆಸರು ಮಾಡಿದವರಲ್ಲ. ಮೂರು ವರ್ಷದಲ್ಲಿ ಎರಡು ಐ-ಲೀಗ್ (2013-14, 2015-16), ಒಂದು ಫೆಡರೇಶನ್ ಕಪ್. ಮೊದಲ ಲೀಗ್ ಗೆದ್ದದ್ದು ಕ್ಲಬ್ಬಿನ ಮೊದಲ ಹಂಗಾಮಿನಲ್ಲೇ. 2016ರಲ್ಲಿ ಅವರು ಬಿಟ್ಟಾಗ, ಇಷ್ಟು ಮಾಡಿದವರಿಗೆ ಇನ್ನೇನು ಯುರೋಪಿನಲ್ಲಿ ಒಳ್ಳೆಯ ಜಾಗ ಅಂತ ನಾವು ಬಾಯಿಗೆ ಬಂದಂತೆ ಕ್ಲಬ್ಬುಗಳನ್ನು ಹಂಚಿದೆವು. ಅವರು ಹೋದದ್ದು ಮಲೇಷ್ಯಾದ ಪೆನಾಂಗಿಗೆ, ಅಲ್ಲಿ ಬಹಳ ದಿನ ನಿಲ್ಲಲಿಲ್ಲ. 2018ರ ಜನವರಿಯಲ್ಲಿ ಕೋಲ್ಕತ್ತದ ಎಟಿಕೆ, ಟೆಡ್ಡಿ ಶೆರಿಂಗ್‌ಹ್ಯಾಮ್ ಅವರನ್ನು ತೆಗೆದ ಮೇಲೆ ಕೆಲವೇ ವಾರ. ಆಮೇಲೆ ಪಂಜಾಬ್. ಆಮೇಲೆ ಅಫ್ಗಾನಿಸ್ತಾನ. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಸುನಿಲ್ ಛೆಟ್ರಿ ಭಾರತಕ್ಕಾಗಿ 150ನೇ ಪಂದ್ಯ ಆಡುತ್ತಿದ್ದರು, ಗೋಲೂ ಹೊಡೆದರು. ಎದುರು ಬೆಂಚಿನಲ್ಲಿದ್ದವರು ಬೆಂಗಳೂರಿನಲ್ಲಿ ಅದೇ ಛೆಟ್ರಿಯ ಕೋಚ್ ಆಗಿದ್ದ ವೆಸ್ಟ್‌ವುಡ್. ಅಫ್ಗಾನಿಸ್ತಾನ 2-1ರಿಂದ ಗೆದ್ದಿತು. ಅದೇ ವರ್ಷ ಅವರು ಹಾಂಗ್‌ಕಾಂಗ್ ತಂಡಕ್ಕೆ ಹೋದರು. 2025ರ ಜೂನ್ 10ರಂದು ಕೈ ಟಾಕ್ ಕ್ರೀಡಾಂಗಣದಲ್ಲಿ ಕೊನೆಯ ಗಳಿಗೆಯ ಪೆನಾಲ್ಟಿಯಿಂದ ಹಾಂಗ್‌ಕಾಂಗ್ ಭಾರತವನ್ನು 1-0ಯಿಂದ ಸೋಲಿಸಿತು. ಅದಾಗಿ ಒಂದು ತಿಂಗಳೊಳಗೆ ಮಾರ್ಕೆಸ್ ಹೋದರು. ಅವರ ಖಾಲಿ ಕುರ್ಚಿಗೇ ಆ ಎರಡು ನಕಲಿ ಇಮೇಲ್ ಬಂದದ್ದು.

ಈ ದಾರಿಯನ್ನು 2016ರಲ್ಲಿ ಯಾವ ವದಂತಿಕಾರ ಊಹಿಸಿದ್ದ? ಪೆನಾಂಗ್, ಕಾಬೂಲಿನ ತಂಡ, ಹಾಂಗ್‌ಕಾಂಗ್, ನಡುವೆ ನಮ್ಮ ಎದುರೇ ಎರಡು ಗೆಲುವು. ಖರೇ ಬದುಕು ಇಷ್ಟು ಅಡ್ಡಾದಿಡ್ಡಿಯಾಗಿರುವಾಗ ಊಹೆ ಯಾಕೆ ಇಷ್ಟು ಬಡವಾಗಿದೆ? ನನಗನ್ನಿಸುವುದು ಇದು: ವದಂತಿ ಕೋಚನ್ನು ಯಾವಾಗಲೂ ಮೇಲೆ ಇಲ್ಲವೇ ಕೆಳಗೆ ಕಳಿಸುತ್ತದೆ. ಗೆದ್ದರೆ ದೊಡ್ಡ ಕ್ಲಬ್, ಸೋತರೆ ಸಣ್ಣ ಕ್ಲಬ್. ಮನುಷ್ಯ ಪಕ್ಕಕ್ಕೆ ಹೋಗಬಹುದು, ಹೆಂಡತಿಯ ಊರಿಗೆ ಹೋಗಬಹುದು, ಒಂದು ವರ್ಷ ಮನೆಯಲ್ಲಿ ಕೂಡಬಹುದು ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಅದು ವಿಳಾಸ ಕೇಳುತ್ತದೆ, ಕಸುಬು ಕೇಳುವುದಿಲ್ಲ. ವೆಸ್ಟ್‌ವುಡ್ ತಂಡವನ್ನು ಹೇಗೆ ಓಡಿಸಿ ಗಟ್ಟಿಮಾಡುತ್ತಿದ್ದರು, ಹಿಂದಿನ ಸಾಲನ್ನು ಹೇಗೆ ಕಟ್ಟುತ್ತಿದ್ದರು, ಹೆಸರಿಲ್ಲದ ಆಟಗಾರರಿಂದ ಶಿಸ್ತು ಹೇಗೆ ತೆಗೆಯುತ್ತಿದ್ದರು ಎಂಬುದನ್ನು ಯಾರಾದರೂ ಕೂತು ಬರೆದಿದ್ದರೆ, ದುರ್ಬಲ ಅಂತ ಲೋಕ ಬರೆದುಹಾಕಿದ ರಾಷ್ಟ್ರೀಯ ತಂಡಗಳು ಅವರಿಗೆ ಸರಿಹೋಗುತ್ತವೆ ಎಂಬ ಅಂದಾಜಿಗೆ ಬರಬಹುದಿತ್ತೇನೋ.

‘ಅಂದಾಜು’ ಎಂಬ ಮಾತನ್ನು ತಿಳಿದೇ ಬಳಸಿದೆ. ತಿಕೋಟಾದಲ್ಲಿ ನನ್ನ ಬೀಗರೊಬ್ಬರ ತೋಟಕ್ಕೆ ಹೋಗಿದ್ದಾಗ ಹಳೆಯ ವ್ಯಾಪಾರಿಯೊಬ್ಬರು ಬಂದಿದ್ದರು. ಒಂದು ಕಾಳು ಕಿತ್ತು ಬಾಯಿಗೆ ಹಾಕಿದರು, ಗೊಂಚಲನ್ನು ಅಂಗೈಯಲ್ಲಿಟ್ಟು ತೂಗಿದರು, ಸಕ್ಕರಿ ಇನ್ನೂ ಕುಂತಿಲ್ಲ, ಎಂಟ್ ದಿವಸ ಬಿಡ್ರಿ ಅಂದರು. ನಾಲ್ಕು ಕಿಲೋ ಹಸಿ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಈ ತೋಟಕ್ಕೆ ಎಷ್ಟು ಬೀಳುತ್ತದೆ ಅಂತ ಹೇಳಲು ಮಾತ್ರ ಆ ನಾಲಗೆ ಬೇಕು. ಅವರೂ ನಾಳೆಯದನ್ನೇ ಹೇಳುತ್ತಿದ್ದರು, ತಪ್ಪಬಹುದಿತ್ತು ಕೂಡ. ಆದರೆ ಅವರ ಮಾತು ಹಣ್ಣಿನಿಂದ ಹೊರಟಿತ್ತು, ತಾಸಗಾಂವದಿಂದ ತೇಲಿ ಬಂದದ್ದಲ್ಲ. ನನ್ನ ಅಣ್ಣನ ಮಗ ಜೊತೆಯಲ್ಲಿದ್ದ, ಮೊಬೈಲಿನಿಂದ ತಲೆ ಎತ್ತಿ ಕೇಳಿದ:

“ಕಾಕಾ, ಇವ್ರು ಹಿಂಗ ಹೇಳ್ತಾರಲ್ಲ, ತಪ್ಪಂಗಿಲ್ಲೇನು?”

“ತಪ್ತೈತಿ. ತಪ್ಪಿದ್ರ ಮುಂದಿನ ವರ್ಷ ಇವ್ರನ್ನ ಯಾರೂ ತೋಟಕ್ಕ ಕರಿಯಂಗಿಲ್ಲ.”

“ನಮ್ಮ ಟ್ರಾನ್ಸ್‌ಫರ್ ಸುದ್ದಿ ಹೇಳಾವ್ರನ್ನ ದಿನಾ ಕರೀತೀವಲ್ಲ ಮತ್ತ!”

ಅವನು ನಕ್ಕ. ನಾನು ನಗಲಿಲ್ಲ, ಏಕೆಂದರೆ ಆ ಕರೆಯುವವರಲ್ಲಿ ನಾನೂ ಒಬ್ಬ.

ಒಳ್ಳೆಯ ಅಂದಾಜಿನ ಉದಾಹರಣೆ ಬೆಂಗಳೂರಿನಲ್ಲೇ ಇದೆ. ವೆಸ್ಟ್‌ವುಡ್ ನಂತರ ಬಂದ ಆಲ್ಬರ್ಟ್ ರೋಕಾ ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಬಳಗದಲ್ಲಿದ್ದವರು. 2016ರಲ್ಲಿ ಬೆಂಗಳೂರನ್ನು ಎಎಫ್‌ಸಿ ಕಪ್ ಫೈನಲ್ಲಿಗೆ ಒಯ್ದರು, ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಅಲ್ಲಿಗೆ ಮುಟ್ಟಿರಲಿಲ್ಲ. 2018ರಲ್ಲಿ ಅವರು ಬಿಟ್ಟಾಗ ಹೊರಗಿನ ದೊಡ್ಡ ಹೆಸರುಗಳನ್ನು ಹುಡುಕುವ ಬದಲು ಅವರ ಪಕ್ಕದಲ್ಲಿ ಕೂತಿದ್ದ ಸಹಾಯಕನನ್ನು ನೋಡಿದ್ದರೆ ಉತ್ತರ ಅಲ್ಲೇ ಇತ್ತು. ಕಾರ್ಲೆಸ್ ಕ್ವಾದ್ರಾತ್ ಕೋಚ್ ಆದರು, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ರಾಹುಲ್ ಭೇಕೆ ಹೆಚ್ಚುವರಿ ವೇಳೆಯಲ್ಲಿ ತಲೆಯಿಂದ ಹೊಡೆದ ಗೋಲಿನಿಂದ ಎಫ್‌ಸಿ ಗೋವಾವನ್ನು ಸೋಲಿಸಿ ಐಎಸ್‌ಎಲ್ ಗೆದ್ದರು. ಒಂದು ತಂಡ ತನ್ನ ಆಟದ ರೀತಿಯನ್ನು ಬಿಡಲು ಇಷ್ಟಪಡದಿದ್ದರೆ ಮುಂದಿನವನು ಒಳಗಿನವನೇ ಆಗುತ್ತಾನೆ. ಇದು ಹಣ್ಣು ನೋಡಿ ಹೇಳಬಹುದಾದ ಮಾತು. 2021ರ ಜನವರಿಯಲ್ಲಿ ಮೂರು ಸತತ ಸೋಲಿನ ಮೇಲೆ ಅದೇ ಕ್ವಾದ್ರಾತ್ ಹೊರಬಿದ್ದದ್ದನ್ನು ಮಾತ್ರ ಯಾವ ಹಣ್ಣೂ ಹೇಳಿರಲಿಲ್ಲ. ಅವರು ಆಮೇಲೆ ಈಸ್ಟ್ ಬೆಂಗಾಲಿಗೆ ಬಂದು 2024ರ ಜನವರಿಯಲ್ಲಿ ಸೂ‍ಪರ್ ಕಪ್ ಕೊಡಿಸಿ, ಸೆಪ್ಟೆಂಬರಿನಲ್ಲಿ ಮತ್ತೆ ಮೂರು ಸತತ ಸೋಲಿನ ಮೇಲೆಯೇ ಬಿಟ್ಟರು. ರೋಕಾ ಅಂತೂ ಹೈದರಾಬಾದಿಗೆ ಸಹಿ ಹಾಕಿ, ಹೊಸ ಹಂಗಾಮು ಶುರುವಾಗುವ ಮೊದಲೇ 2020ರಲ್ಲಿ ಬಾರ್ಸಿಲೋನಾದ ಕರೆಗೆ ಓಗೊಟ್ಟು ಹೋದರು. ಅವರ ಜಾಗಕ್ಕೆ ಹೈದರಾಬಾದ್ ತಂದ ಮನುಷ್ಯ ಮನೋಲೊ ಮಾರ್ಕೆಸ್. ಎಲ್ಲ ದಾರಿಯೂ ಆ ನಕಲಿ ಇಮೇಲಿಗೇ ಬಂದು ಸೇರುತ್ತದೆ, ಏನು ಮಾಡಲಿ.

ಆ ಕುರ್ಚಿಗೆ ಕೊನೆಗೆ ಬಂದವರು ಖಾಲಿದ್ ಜಮೀಲ್, 2025ರ ಆಗಸ್ಟ್ 1ರಂದು. 2016-17ರಲ್ಲಿ ಮಿಜೋರಾಮಿನ ಐಜ್ವಾಲ್ ಎಂಬ ಪುಟ್ಟ ಕ್ಲಬ್ಬಿಗೆ ಐ-ಲೀಗ್ ಗೆಲ್ಲಿಸಿದ ಮನುಷ್ಯ. ಅವರ ಕೆಲಸ ನಮ್ಮ ಕಣ್ಣೆದುರೇ ಇತ್ತು. ನಾವು ಚಾವಿ ಹುಡುಕುತ್ತಿದ್ದೆವು.

ವದಂತಿ ಯಾರ ಬಗ್ಗೆ ಹುಟ್ಟುತ್ತದೆ ಎಂಬುದರಷ್ಟೇ ಯಾರ ಬಗ್ಗೆ ಹುಟ್ಟುವುದಿಲ್ಲ ಎಂಬುದನ್ನೂ ಓದಬೇಕು. 2023ರ ಮಾರ್ಚ್ 4ರಂದು ಸೌದಿಯ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಸಲ ಗೆದ್ದಾಗ ನಮ್ಮದು ಇನ್ನೂ ಮೈಸೂರು ರಾಜ್ಯ, 54 ವರ್ಷದ ಹಿಂದೆ. ಕೋಚ್ ರವಿ ಬಾಬು ರಾಜು. ಯುರೋಪಿನ ಯಾವುದೋ ಎರಡನೇ ದರ್ಜೆಯ ಲೀಗಿನಲ್ಲಿ ಹೀಗೆ ಅರ್ಧ ಶತಮಾನದ ಬರ ಕಳೆದ ಕೋಚ್ ಇದ್ದಿದ್ದರೆ ಮರುದಿನ ಬೆಳಿಗ್ಗೆ ಅವರನ್ನು ಐದು ಊರುಗಳಿಗೆ ಕಳಿಸುತ್ತಿದ್ದರು. ರವಿ ಬಾಬು ರಾಜು ಅವರ ಮುಂದಿನ ಕ್ಲಬ್ ಯಾವುದು ಎಂಬ ಒಂದೇ ಒಂದು ಗಾಳಿಸುದ್ದಿಯನ್ನು ನಾನು ಆ ವಾರ ಕೇಳಲಿಲ್ಲ. ಬೇಡವಾದ ಕೀರ್ತಿಯೊಂದು ತಪ್ಪಿತು ಅಂತ ಸಮಾಧಾನ ಮಾಡಿಕೊಳ್ಳಬಹುದು, ಆದರೆ ಅದು ಸಮಾಧಾನವಷ್ಟೇ. ಈ ಪ್ರಕಾರಕ್ಕೆ ಕಸುಬು ಕಾಣುವುದಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮ ಹಳ್ಳಿಯ ಶಾಲೆಯಲ್ಲೂ ಒಬ್ಬರಿದ್ದರು, ಪಿ.ಟಿ. ಮಾಸ್ತರು. ಎರಿ ಭೂಮಿಯ ಮೈದಾನ, ಮಳೆ ಬಿದ್ದರೆ ಕಾಲಿಗೆ ಎರಡೆರಡು ಸೇರು ಮಣ್ಣು. ಎಲ್ಲರೂ ಕಬಡ್ಡಿ ಆಡುವ ಊರಿನಲ್ಲಿ ಅವರು ಹಟ ಹಿಡಿದು ಹದಿನಾರು ಹುಡುಗರಿಗೆ ಫುಟ್‌ಬಾಲ್ ಹಚ್ಚಿದರು. ಗೋಲಿನ ಕಂಬಕ್ಕೆ ಬೇವಿನ ಗಳ ಕಡಿದು ತಂದು ನಾವೇ ಹುಗಿದೆವು. ಹೋಬಳಿ ಮಟ್ಟದಲ್ಲಿ ಎರಡು ವರ್ಷ ಗೆದ್ದೆವು. ಎದುರಿಗೆ ಇದ್ದದ್ದು ಎರಡೇ ತಂಡ ಅನ್ನುವುದು ಬೇರೆ ಮಾತು. ಮೂರನೆಯ ವರ್ಷ ಜೂನಿನಲ್ಲಿ ಸುದ್ದಿ ಬಂತು, ಸರ್‌ಗೆ ಟ್ರಾನ್ಸ್‌ಫರ್ ಆಗೈತಂತ. ಇಂಡಿ ಕಡೆ ಅಂತ, ಅಲ್ಲ ಮುದ್ದೇಬಿಹಾಳ ಅಂತ. ದೊಡ್ಡವರು ಅದನ್ನೇ ಮಾತಾಡಿದರು. ನಮಗೆ ಯಾವ ಊರಾದರೂ ಒಂದೇ ಆಗಿತ್ತು. ನಾವು ಹೆಡ್‌ಮಾಸ್ತರರ ಕೋಣೆಯ ಕಿಟಕಿಗೆ ಕಿವಿ ಹಚ್ಚಿ ನಿಂತದ್ದು ಬೇರೆ ಪ್ರಶ್ನೆಗೆ: ಇವರ ಜಾಗಕ್ಕೆ ಬರುವವರು ಯಾರು?

ಆಗಸ್ಟಿನಲ್ಲಿ ಬಂದರು, ಒಳ್ಳೆಯವರು, ವಾಲಿಬಾಲ್ ಆಟಗಾರರು. ಒಂದು ಕಡೆಯ ಬೇವಿನ ಗಳ ಎರಡನ್ನೂ ಕಿತ್ತು ಮೈದಾನದ ನಡುವೆ ಹುಗಿಸಿದರು, ನೆಟ್ ಕಟ್ಟಲು.